ಶಾಲಾ ಕಲಿಕೆ ಮತ್ತು ಮೌಲ್ಯಮಾಪನದಲ್ಲಿ ಪರದೆಮುದ್ರಿಕೆ: ಒಂದು ವಿಮರ್ಶಾತ್ಮಕ ಪರಿಶೀಲನೆ

೧. ಪ್ರವೇಶ

ಮಗುವೊಂದು ಸ್ಲೇಟಿನ ಮೇಲೆ ಲೆಕ್ಕ ಮಾಡುವಾಗ ಬರೆದುದನ್ನು ಅಳಿಸಿ ಮತ್ತೆ ಬರೆಯುತ್ತದೆ. ಶಿಕ್ಷಕರು ಬಂದು ನೋಡುವ ವೇಳೆಗೆ ಅಲ್ಲಿ ಉಳಿದಿರುವುದು ಕೊನೆಯ ಉತ್ತರ ಮಾತ್ರ. ಮೊದಲು ಏನು ಬರೆದಿತ್ತು, ಏಕೆ ಅಳಿಸಿತು, ಯಾವ ಹಂತದಲ್ಲಿ ತಡೆದು ನಿಂತಿತು ಎಂಬುದೆಲ್ಲ ಒರೆಸುವ ಬಟ್ಟೆಯೊಡನೆ ಹೋಗಿರುತ್ತದೆ. ಉತ್ತರಪತ್ರಿಕೆಯ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಹಂತಗಳನ್ನು ಬರೆಯಬೇಕೆಂಬ ನಿಯಮವಿದ್ದರೂ ವಿದ್ಯಾರ್ಥಿ ಬರೆಯುವುದು ಪರೀಕ್ಷಕರು ಒಪ್ಪುವ ಹಂತಗಳನ್ನೇ ಹೊರತು ತಾನು ನಿಜವಾಗಿ ನಡೆದುಬಂದ ದಾರಿಯನ್ನಲ್ಲ. ಕಲಿಕೆಯ ಪ್ರಕ್ರಿಯೆಯನ್ನು ಕುರಿತು ಶಿಕ್ಷಣಶಾಸ್ತ್ರ ಎಷ್ಟೇ ಮಾತನಾಡಿದರೂ ನಮ್ಮ ಮೌಲ್ಯಮಾಪನ ಪದ್ಧತಿಯ ಕೈಗೆ ಸಿಗುವುದು ಬಹುಮಟ್ಟಿಗೆ ಫಲಿತಾಂಶವೇ.

ಈ ಕೊರತೆಯ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾದ ಒಂದು ಸಾಧನ ಸ್ಕ್ರೀನ್‌ಕಾಸ್ಟ್. ಗಣಕಯಂತ್ರದ ಪರದೆಯ ಮೇಲೆ ನಡೆಯುವ ಕ್ರಿಯೆಗಳನ್ನೂ ಅವುಗಳೊಡನೆ ಆಡಿದ ಮಾತನ್ನೂ ಕೂಡಿಸಿ, ನಡೆದ ಕ್ರಮದಲ್ಲಿಯೇ ದಾಖಲಿಸುವ ವಿಧಾನವಿದು. ವಿಧಾನವು ಅದರ ಹೆಸರಿಗಿಂತ ಹಳೆಯದು. ೧೯೯೦ರ ದಶಕದಲ್ಲಿ ಲೋಟಸ್ ಸಂಸ್ಥೆಯ ಸ್ಕ್ರೀನ್‌ಕ್ಯಾಮ್, ೨೦೦೨ರಲ್ಲಿ ಟೆಕ್‌ಸ್ಮಿತ್ ಸಂಸ್ಥೆಯ ಕ್ಯಾಮ್ಟೇಶಿಯ ಎಂಬ ತಂತ್ರಾಂಶಗಳು ಬಳಕೆಗೆ ಬಂದವು. ಈ ಬಗೆಯ ದಾಖಲೆಗೆ ತಕ್ಕ ಹೆಸರನ್ನು ಸೂಚಿಸುವಂತೆ ೨೦೦೪ರಲ್ಲಿ ಅಮೆರಿಕದ ಅಂಕಣಕಾರ ಜಾನ್ ಉಡೆಲ್ ತಮ್ಮ ಓದುಗರನ್ನು ಕೇಳಿದಾಗ ಸ್ಕ್ರೀನ್‌ಕಾಸ್ಟ್ ಎಂಬ ಪದ ನೆಲೆಗೊಂಡಿತು. ಕನ್ನಡದಲ್ಲಿ ಧ್ವನಿಮುದ್ರಿಕೆ ಎಂಬ ಪದ ಚಿರಪರಿಚಿತವಾಗಿರುವುದರಿಂದ ಅದೇ ಜಾಡಿನಲ್ಲಿ ಇದನ್ನು ‘ಪರದೆಮುದ್ರಿಕೆ’ ಎಂದು ಈ ಲೇಖನದಲ್ಲಿ ಕರೆಯಲಾಗಿದೆ.

ಪರದೆಮುದ್ರಿಕೆಗೆ ಶಾಲೆಯಲ್ಲಿ ಎರಡು ದಿಕ್ಕುಗಳಿವೆ. ಮೊದಲನೆಯದು ಬೋಧಕರಿಂದ ವಿದ್ಯಾರ್ಥಿಯ ಕಡೆಗೆ ಹರಿಯುವ ಪಾಠ. ಎರಡನೆಯದು ವಿದ್ಯಾರ್ಥಿಯಿಂದ ಬೋಧಕರ ಕಡೆಗೆ ಬರುವ ವಿವರಣೆ. ಮೊದಲನೆಯದು ಕಳೆದ ಎರಡು ದಶಕಗಳಲ್ಲಿ ವಿಪುಲವಾಗಿ ಬೆಳೆದಿದೆ. ಎರಡನೆಯದು ನಮ್ಮಲ್ಲಿ ಇನ್ನೂ ಆರಂಭದ ಸ್ಥಿತಿಯಲ್ಲಿಯೇ ಇದೆ. ಈ ಸಾಧನದ ನಿಜವಾದ ಶೈಕ್ಷಣಿಕ ಮೌಲ್ಯವಿರುವುದು ಎರಡನೆಯ ದಿಕ್ಕಿನಲ್ಲಿ ಎಂಬುದೂ, ಅದನ್ನು ಅಂಕಗಳ ಲೆಕ್ಕಕ್ಕೆ ಸೇರಿಸಿದ ಕ್ಷಣದಲ್ಲಿ ಆ ಮೌಲ್ಯ ಕುಂದುತ್ತದೆ ಎಂಬುದೂ ಪ್ರಸ್ತುತ ಲೇಖನದ ಪ್ರತಿಪಾದನೆ.

೨. ಬೋಧಕರ ಮುದ್ರಿಕೆ: ಸಾಧನೆ ಮತ್ತು ಮಿತಿ

ಬೋಧಕರ ಮುದ್ರಿಕೆಗೆ ಜಗತ್ತಿನ ಗಮನ ಸೆಳೆದವರಲ್ಲಿ ಸಲ್ಮಾನ್ ಖಾನ್ ಪ್ರಮುಖರು. ೨೦೦೪ರಲ್ಲಿ ದೂರದ ಊರಿನಲ್ಲಿದ್ದ ಬಂಧುವಿನ ಮಗಳಿಗೆ ಗಣಿತ ಹೇಳಿಕೊಡಲು ತೊಡಗಿದ ಅವರು ೨೦೦೬ರಿಂದ ತಮ್ಮ ಪಾಠಗಳನ್ನು ಯೂಟ್ಯೂಬಿನಲ್ಲಿ ಪ್ರಕಟಿಸಿದರು. ಕಪ್ಪು ಹಿನ್ನೆಲೆ, ಬಣ್ಣದ ಬರಹ, ಸಾವಧಾನದ ಧ್ವನಿ: ಬೋಧಕರ ಮುಖವೇ ಕಾಣದ ಈ ಪಾಠಗಳು ಕರಿಹಲಗೆಯನ್ನೇ ಪರದೆಗೆ ತಂದಂತಿದ್ದವು. ಕೊಲೊರಾಡೊ ರಾಜ್ಯದ ವುಡ್‌ಲ್ಯಾಂಡ್ ಪಾರ್ಕ್ ಪ್ರೌಢಶಾಲೆಯ ರಸಾಯನಶಾಸ್ತ್ರ ಶಿಕ್ಷಕರಾದ ಜೋನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ೨೦೦೭ರಲ್ಲಿ, ತರಗತಿಗೆ ಗೈರುಹಾಜರಾದ ಮಕ್ಕಳಿಗಾಗಿ ತಮ್ಮ ಪಾಠಗಳನ್ನು ಮುದ್ರಿಸತೊಡಗಿದರು. ಪಾಠವನ್ನು ಮನೆಯಲ್ಲಿ ನೋಡಿ ಬರುವುದು, ಅಭ್ಯಾಸವನ್ನು ತರಗತಿಯಲ್ಲಿ ಮಾಡುವುದು ಎಂಬ ‘ತಿರುವುಮುರುವು ತರಗತಿ’ಯ ಕಲ್ಪನೆ ಜನಪ್ರಿಯವಾದುದು ಇಂತಹ ಪ್ರಯತ್ನಗಳಿಂದ.

ಭಾರತದಲ್ಲಿ ಈ ಕ್ಷೇತ್ರದ ಗಣನೀಯ ಕೆಲಸ ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯದು. ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ ರೂಪುಗೊಂಡ ಈ ಯೋಜನೆ ಮುಕ್ತ ತಂತ್ರಾಂಶಗಳನ್ನು ಕಲಿಸುವ, ಸುಮಾರು ೧೦ ನಿಮಿಷಗಳ ಪರದೆಮುದ್ರಿಕೆಗಳನ್ನು ಸಿದ್ಧಪಡಿಸಿತು. ಅವುಗಳ ಧ್ವನಿಭಾಗವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತಂದಿತು. ಮುದ್ರಣಕ್ಕೆ ಮೊದಲು ವಿಷಯವನ್ನು ಅರಿಯದ ಹೊಸಬರೊಬ್ಬರಿಂದ ಪಠ್ಯವನ್ನು ಪರೀಕ್ಷಿಸುವ ಕ್ರಮ ಇಲ್ಲಿದೆ. ನೋಡುವವರು ಪರದೆಯ ಒಂದು ಪಾರ್ಶ್ವದಲ್ಲಿ ಪಾಠವನ್ನು ನಡೆಸಿ, ನಿಲ್ಲಿಸಿ, ಮತ್ತೊಂದು ಪಾರ್ಶ್ವದಲ್ಲಿ ಅದನ್ನೇ ತಾವು ಮಾಡಿ ನೋಡಬೇಕೆಂಬುದು ಈ ಯೋಜನೆಯ ಬೋಧನಾಕ್ರಮ. ಕೇಳುವುದನ್ನೂ ಮಾಡುವುದನ್ನೂ ಬೇರ್ಪಡಿಸದ ಈ ವಿವೇಕ ಬೋಧಕರ ಮುದ್ರಿಕೆಗಳಲ್ಲಿ ಅಪರೂಪವಾದುದು.

೨೦೧೭ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಮೂಲಕ ಪಠ್ಯಪುಸ್ತಕದ ಕ್ಯೂಆರ್ ಸಂಕೇತಗಳಿಗೆ ದೃಶ್ಯಪಾಠಗಳು ಜೋಡಣೆಗೊಂಡವು. ೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಕರ್ನಾಟಕದಲ್ಲಿ ದೂರದರ್ಶನದ ಚಂದನ ವಾಹಿನಿಯ ಮೂಲಕ ‘ಸಂವೇದ’ ಪಾಠಗಳು ಪ್ರಸಾರವಾದವು. ಇವು ಕಟ್ಟುನಿಟ್ಟಾದ ಅರ್ಥದಲ್ಲಿ ಪರದೆಮುದ್ರಿಕೆಗಳಲ್ಲವಾದರೂ ಮುದ್ರಿತ ಪಾಠದ ಪರಂಪರೆಗೇ ಸೇರಿದವು. ಆ ಸಂಕಟದ ಕಾಲದಲ್ಲಿ ಅವು ಮಾಡಿದ ಉಪಕಾರವನ್ನು ಕಡೆಗಣಿಸಲಾಗದು. ಆದರೆ ಮುದ್ರಿತ ಪಾಠದ ಸ್ವರೂಪದಲ್ಲಿಯೇ ಇರುವ ಒಂದು ಕೊರತೆಯನ್ನು ಆ ಕಾಲವೇ ತೋರಿಸಿಕೊಟ್ಟಿತು. ಪಾಠ ಮಗುವನ್ನು ತಲುಪಿತು; ಮಗುವಿಗೆ ಏನು ತಿಳಿಯಿತೆಂಬುದು ಹಿಂದಿರುಗಿ ಬರಲು ಅದರಲ್ಲಿ ದಾರಿಯಿರಲಿಲ್ಲ. ಅದೇ ವರ್ಷ ಶಿಕ್ಷಕರು ಊರೂರಿಗೆ ಹೋಗಿ ಗುಡಿ, ಜಗಲಿ, ಮರದ ನೆರಳುಗಳಲ್ಲಿ ಸಣ್ಣ ಗುಂಪುಗಳನ್ನು ಕೂಡಿಸಿದ ‘ವಿದ್ಯಾಗಮ’ ಕಾರ್ಯಕ್ರಮ ಅವಶ್ಯಕವೆನಿಸಿದ್ದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಸ್ಪಷ್ಟವಾದ ವಿವರಣೆಯನ್ನು ಕೇಳಿದರೆ ಕಲಿಕೆ ಸಂಭವಿಸುತ್ತದೆ ಎಂಬ ನಂಬಿಕೆ ಬೋಧಕರ ಮುದ್ರಿಕೆಯ ಬುನಾದಿಯಲ್ಲಿದೆ. ಈ ನಂಬಿಕೆಯನ್ನು ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾನಿಲಯಕ್ಕೆ ೨೦೦೮ರಲ್ಲಿ ಸಲ್ಲಿಸಿದ ಭೌತವಿಜ್ಞಾನ ಶಿಕ್ಷಣದ ಪ್ರಬಂಧ ಪ್ರಶ್ನೆಗೆ ಒಡ್ಡಿತು. ಸರಿಯಾದುದನ್ನು ಮಾತ್ರ ಸ್ಪಷ್ಟವಾಗಿ ಹೇಳಿದ ದೃಶ್ಯಪಾಠಗಳನ್ನು ವಿದ್ಯಾರ್ಥಿಗಳು ಸುಲಭವೆಂದು ಮೆಚ್ಚಿಕೊಂಡರೂ ಅವರ ತಿಳಿವಳಿಕೆ ಹೆಚ್ಚಲಿಲ್ಲ. ಸಾಮಾನ್ಯವಾಗಿರುವ ತಪ್ಪುಗ್ರಹಿಕೆಗಳನ್ನು ಮೊದಲು ಎತ್ತಿಕೊಂಡು ಚರ್ಚಿಸಿದ ಪಾಠಗಳು ಗೊಂದಲಕಾರಿಯೆನಿಸಿದರೂ ಹೆಚ್ಚು ಫಲ ನೀಡಿದವು. ತಾನು ಈಗಾಗಲೇ ಬಲ್ಲೆನೆಂದುಕೊಂಡಿರುವ ವಿದ್ಯಾರ್ಥಿ ತನ್ನ ತಪ್ಪನ್ನೇ ಪಾಠ ಸಮರ್ಥಿಸುತ್ತಿದೆ ಎಂದು ಭಾವಿಸಿ ತಲೆದೂಗುತ್ತಾನೆ. ಎದುರಿಗೆ ಕುಳಿತಿರುವ ಮಗುವಿನ ಹುಬ್ಬುಗಂಟನ್ನು ಕಂಡು ಮಾತು ಬದಲಿಸುವ ಶಿಕ್ಷಕರ ಶಕ್ತಿ ಮುದ್ರಿಕೆಗೆ ಇಲ್ಲ.

ಎಡ್‌ಎಕ್ಸ್ ವೇದಿಕೆಯ ೬೯ ಲಕ್ಷ ವೀಕ್ಷಣೆಗಳನ್ನು ಆಧರಿಸಿ ಫಿಲಿಪ್ ಗುವೊ ಮತ್ತು ಸಂಗಡಿಗರು ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಇಲ್ಲಿ ಎಚ್ಚರದಿಂದ ಓದಬೇಕು. ದೃಶ್ಯಪಾಠ ೬ ನಿಮಿಷವನ್ನು ಮೀರಬಾರದೆಂಬ ಸಲಹೆ ಅಲ್ಲಿಂದ ಹೊರಟು ಶಿಕ್ಷಕ ತರಬೇತಿಗಳಲ್ಲಿ ಸೂತ್ರದಂತೆ ಹಬ್ಬಿದೆ. ಆ ಅಧ್ಯಯನ ಅಳೆದುದು ನೋಡುಗರು ಎಷ್ಟು ಹೊತ್ತು ನೋಡಿದರೆಂಬುದನ್ನು, ಎಷ್ಟು ಕಲಿತರೆಂಬುದನ್ನಲ್ಲ. ಮುಕ್ತ ಅಂತರಜಾಲ ಕೋರ್ಸುಗಳಿಗೆ ತಾವಾಗಿ ಸೇರಿಕೊಂಡವರ ನಡವಳಿಕೆಯನ್ನು ಐದನೆಯ ತರಗತಿಯ ಮಗುವಿಗೆ ಅನ್ವಯಿಸುವುದೂ ಉಚಿತವಲ್ಲ.

೩. ವಿದ್ಯಾರ್ಥಿಯ ಮುದ್ರಿಕೆ: ತಪ್ಪಿನ ದಾರಿಯನ್ನು ಓದುವುದು

ಈಗ ಎರಡನೆಯ ದಿಕ್ಕಿಗೆ ತಿರುಗೋಣ. ಒಂದು ಸರಳ ಲೆಕ್ಕವನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳಬಹುದು: ೪೨ರಿಂದ ೧೭ನ್ನು ಕಳೆಯಬೇಕು. ಇಬ್ಬರು ಮಕ್ಕಳು ೩೫ ಎಂದು ಬರೆದಿದ್ದಾರೆಂದು ಭಾವಿಸೋಣ. ಉತ್ತರಪತ್ರಿಕೆಯಲ್ಲಿ ಎರಡಕ್ಕೂ ಒಂದೇ ಕೆಂಪು ಗೆರೆ ಬೀಳುತ್ತದೆ. ಈ ಇಬ್ಬರೂ ಲೆಕ್ಕವನ್ನು ಪರದೆಯ ಮೇಲೆ ಬರೆಯುತ್ತ, ಮಾಡುವುದನ್ನು ಬಾಯಿಬಿಟ್ಟು ಹೇಳಿದ್ದರೆ ಬೇರೆಯೇ ಚಿತ್ರ ದೊರೆಯುತ್ತಿತ್ತು. ಮೊದಲನೆಯ ಮಗು “ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು” ಎನ್ನುತ್ತದೆ. ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯಬೇಕೆಂಬ ಮಾತನ್ನು ಅದು ಎಲ್ಲ ಸ್ಥಾನಗಳಿಗೂ ಅನ್ವಯಿಸಿಕೊಂಡಿದೆ. ಎರಡನೆಯ ಮಗು “ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದಿಂದ ಒಂದು ತಗೊಂಡರೆ ಹನ್ನೆರಡು, ಹನ್ನೆರಡರಲ್ಲಿ ಏಳು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು” ಎನ್ನುತ್ತದೆ. ಅದಕ್ಕೆ ಕ್ರಮ ಗೊತ್ತು. ದಶಕ ಕೊಟ್ಟ ಮೇಲೆ ನಾಲ್ಕು ಮೂರಾಗುವುದನ್ನು ಮರೆತಿದೆ. ಮೊದಲನೆಯ ಮಗುವಿಗೆ ಕಡ್ಡಿಕಟ್ಟು ಕೊಟ್ಟು ಸ್ಥಾನಬೆಲೆಯನ್ನು ಮತ್ತೆ ಕಲಿಸಬೇಕು. ಎರಡನೆಯದಕ್ಕೆ ಒಂದು ನೆನಪಿನ ಮಾತು ಸಾಕು. ಒಂದೇ ತಪ್ಪು ಉತ್ತರಕ್ಕೆ ಬೇಕಾದ ಚಿಕಿತ್ಸೆಗಳು ಎರಡು.

ಸರಿಯುತ್ತರ ಬರೆದವರಲ್ಲಿಯೂ ಇಂತಹ ಭೇದವಿರುತ್ತದೆ. ತಂದೆಯ ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ರೂಢಿಯಿರುವ ಮಗು “ಹದಿನೇಳಕ್ಕೆ ಮೂರು ಹಾಕಿದರೆ ಇಪ್ಪತ್ತು, ಇಪ್ಪತ್ತರಿಂದ ನಲವತ್ತೆರಡಕ್ಕೆ ಇಪ್ಪತ್ತೆರಡು, ಒಟ್ಟು ಇಪ್ಪತ್ತೈದು” ಎಂದು ಕಳೆಯದೆಯೇ ಕೂಡಿ ಮುಗಿಸಬಹುದು. ಉತ್ತರಪತ್ರಿಕೆಯಲ್ಲಿ ಹಂತಗಳಿಲ್ಲವೆಂದು ಅಂಕ ಕಳೆದುಕೊಳ್ಳುವ ಈ ಮಗುವಿನ ಬಾಯಿಲೆಕ್ಕ, ಅರ್ಥವರಿಯದೆ ಕ್ರಮವನ್ನು ಒಪ್ಪಿಸುವ ಮಗುವಿನ ಲೆಕ್ಕಕ್ಕಿಂತ ಗಣಿತದ ದೃಷ್ಟಿಯಿಂದ ಗಟ್ಟಿಯಾದುದು. ಸಂತೆಯ ಲೆಕ್ಕವನ್ನೂ ಶಾಲೆಯ ಲೆಕ್ಕವನ್ನೂ ಬೇರೆಬೇರೆಯಾಗಿ ಕಂಡ ನಮ್ಮ ವ್ಯವಸ್ಥೆಗೆ ಇದು ಕೇಳಿಸಬೇಕಾದ ಧ್ವನಿ.

ತಪ್ಪುಗಳಿಗೆ ನಿಯಮವಿದೆ ಎಂಬುದು ಹೊಸ ವಿಚಾರವಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ೧೯೭೮ರಲ್ಲಿ ವ್ಯವಕಲನದ ತಪ್ಪುಗಳನ್ನು ವಿಶ್ಲೇಷಿಸಿ, ಮಕ್ಕಳ ಅನೇಕ ತಪ್ಪುಗಳು ಅಜಾಗ್ರತೆಯಿಂದ ಆದವಲ್ಲ, ದೋಷಯುಕ್ತವಾದ ಒಂದು ಕ್ರಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ ಆದವು ಎಂದು ತೋರಿಸಿದರು. ಆಸ್ಟ್ರೇಲಿಯದ ಆನ್ ನ್ಯೂಮನ್ ೧೯೭೭ರಲ್ಲಿ ವಾಕ್ಯರೂಪದ ಲೆಕ್ಕಗಳನ್ನು ಕುರಿತು ಐದು ಹಂತಗಳನ್ನು ಗುರುತಿಸಿದರು: ಓದುವುದು, ಗ್ರಹಿಸುವುದು, ಗಣಿತದ ರೂಪಕ್ಕೆ ತರುವುದು, ಕ್ರಿಯೆ ನಡೆಸುವುದು, ಉತ್ತರವನ್ನು ಬರಹಕ್ಕಿಳಿಸುವುದು. ಮಗು ಯಾವ ಹಂತದಲ್ಲಿ ಎಡವಿತೆಂಬುದನ್ನು ಅರಿಯಲು ಅವರು ಸೂಚಿಸಿದ್ದು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಪ್ರಶ್ನಿಸುವ ಸಂದರ್ಶನವನ್ನು. ೪೦ ಮಕ್ಕಳ ತರಗತಿಯಲ್ಲಿ ಅದು ದಿನನಿತ್ಯ ನಡೆಯುವ ಕೆಲಸವಲ್ಲ. ಪರದೆಮುದ್ರಿಕೆ ಆ ಸಂದರ್ಶನದ ಒಂದು ಪಾಲನ್ನಾದರೂ ಶಿಕ್ಷಕರ ಅನುಪಸ್ಥಿತಿಯಲ್ಲಿ ನಡೆಸಿಕೊಡುತ್ತದೆ. ಆದರೆ “ಹಾಗೇಕೆ ಮಾಡಿದೆ?” ಎಂಬ ಮರುಪ್ರಶ್ನೆಯನ್ನು ಅದು ಕೇಳಲಾರದು. ಆದ್ದರಿಂದ ಅದನ್ನು ಸಂದರ್ಶನಕ್ಕೆ ಪೀಠಿಕೆಯೆಂದು ತಿಳಿಯುವುದು ಸರಿಯಾದೀತು.

ರೇಖಾಗಣಿತದಲ್ಲಿ ಈ ಸಾಧನದ ಪ್ರಯೋಜನ ಇನ್ನೂ ಸ್ಪಷ್ಟವಾಗುತ್ತದೆ. ರಾಜ್ಯದಲ್ಲಿ ೨೦೧೦ರ ದಶಕದಲ್ಲಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳ ಮೂಲಕ ಅನೇಕ ಪ್ರೌಢಶಾಲಾ ಶಿಕ್ಷಕರಿಗೆ ಜಿಯೋಜೀಬ್ರ ತಂತ್ರಾಂಶದ ಪರಿಚಯವಾಗಿದೆ. ತ್ರಿಭುಜದ ಶೃಂಗವೊಂದನ್ನು ಹಿಡಿದೆಳೆಯುತ್ತ ವಿದ್ಯಾರ್ಥಿನಿಯೊಬ್ಬಳು “ಹೇಗೆ ಎಳೆದರೂ ಮೂರು ಕೋನ ಕೂಡಿದರೆ ೧೮೦ ಡಿಗ್ರಿಯೇ ಬರುತ್ತದೆ” ಎಂದು ಹೇಳಿ ನಿಲ್ಲಿಸಿದರೆ ಅವಳು ಗುಣವನ್ನು ಕಂಡುಕೊಂಡಿದ್ದಾಳೆ. ಎದುರಿನ ಬಾಹುವಿಗೆ ಸಮಾಂತರವಾಗಿ ಗೆರೆಯೊಂದನ್ನು ಎಳೆದು ಪರ್ಯಾಯ ಕೋನಗಳನ್ನು ತೋರಿಸಿದರೆ ಸಾಧನೆಯ ಕಡೆಗೆ ಹೆಜ್ಜೆ ಇಟ್ಟಿದ್ದಾಳೆ. ಮುಗಿದ ಚಿತ್ರವನ್ನು ಮಾತ್ರ ನೋಡಿದವರಿಗೆ ಈ ಎರಡರ ನಡುವಣ ಅಂತರ ತಿಳಿಯುವುದು ಕಷ್ಟ.

ವಿವರಿಸುವ ಕ್ರಿಯೆಯೇ ಕಲಿಕೆಯನ್ನು ಬಲಪಡಿಸುತ್ತದೆ ಎಂಬುದಕ್ಕೂ ಆಧಾರಗಳಿವೆ. ಮಿಷೆಲೀನ್ ಚೀ ಮತ್ತು ಸಂಗಡಿಗರು ೧೯೯೪ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ರಕ್ತಪರಿಚಲನೆಯ ಪಠ್ಯವನ್ನು ಓದಿಸಿದಾಗ, ಪ್ರತಿ ವಾಕ್ಯವನ್ನೂ ತಮಗೆ ತಾವೇ ವಿವರಿಸಿಕೊಂಡವರು ಪಠ್ಯವನ್ನು ಎರಡು ಬಾರಿ ಓದಿದವರಿಗಿಂತ ಹೆಚ್ಚು ಅರ್ಥಮಾಡಿಕೊಂಡರು. ಇಲ್ಲಿಯೇ ಮೌಲ್ಯಮಾಪನದ ದೃಷ್ಟಿಯಿಂದ ಒಂದು ತಾತ್ತ್ವಿಕ ತೊಡಕು ಏಳುತ್ತದೆ. ಗಟ್ಟಿಯಾಗಿ ಆಲೋಚಿಸುವ ವಿಧಾನವನ್ನು ಶಾಸ್ತ್ರೀಯವಾಗಿ ರೂಪಿಸಿದ ಆಂಡರ್ಸ್ ಎರಿಕ್ಸನ್ ಮತ್ತು ಹರ್ಬರ್ಟ್ ಸೈಮನ್, ಮನಸ್ಸಿನಲ್ಲಿ ಓಡುವುದನ್ನು ಹಾಗೆಯೇ ನುಡಿಯುವುದು ಆಲೋಚನೆಯ ಕ್ರಮವನ್ನು ಅಷ್ಟಾಗಿ ಬದಲಿಸುವುದಿಲ್ಲ, ಕಾರಣ ಕೊಡೆಂದು ಕೇಳಿದರೆ ಬದಲಿಸುತ್ತದೆ ಎಂದು ವಿವೇಚಿಸಿದ್ದರು. ಹಾಗಾದರೆ ವಿವರಣೆ ಕೊಡುತ್ತ ಲೆಕ್ಕ ಮಾಡುವ ಮಗು ತಾನು ಒಂಟಿಯಾಗಿ ಮಾಡುವ ಲೆಕ್ಕವನ್ನೇ ಮಾಡುತ್ತಿಲ್ಲ. ಅಳೆಯಲು ಇಟ್ಟ ಕೋಲು ಅಳೆಯಬೇಕಾದ ವಸ್ತುವನ್ನೇ ಬೆಳೆಸುತ್ತಿದೆ. ಕಲಿಕೆಯ ದೃಷ್ಟಿಯಿಂದ ಇದು ಗುಣ. ಅಳತೆಯ ದೃಷ್ಟಿಯಿಂದ ದೋಷ. ಪರದೆಮುದ್ರಿಕೆಯನ್ನು ಅಂಕ ನೀಡುವ ಪರೀಕ್ಷೆಯಾಗಿ ಬಳಸಬಾರದೆನ್ನಲು ಇದು ಮೊದಲ ಕಾರಣ.

೪. ಭಾಷೆಯ ಪ್ರಶ್ನೆ

ಕನ್ನಡ ಮಾಧ್ಯಮದ ಶಾಲೆಗೆ ಪರದೆಮುದ್ರಿಕೆ ವಿಶೇಷವಾದ ಒಂದು ಅನುಕೂಲವನ್ನು ತರುತ್ತದೆ. ಗಣಕದಲ್ಲಿ ಕನ್ನಡವನ್ನು ಬೆರಳಚ್ಚು ಮಾಡಲು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ದಾರಿ ಮಾಡಿಕೊಟ್ಟಿದ್ದರೂ, ಒತ್ತಕ್ಷರ ಮತ್ತು ಗುಣಿತಾಕ್ಷರಗಳನ್ನು ಕೀಲಿಗಳಲ್ಲಿ ಜೋಡಿಸುವುದು ಚಿಕ್ಕ ಮಕ್ಕಳಿಗೆ ಪ್ರತ್ಯೇಕವಾದ ಒಂದು ಕಲಿಕೆ. ಗಣಕದ ಮೂಲಕ ನಡೆಯುವ ಬಹುಪಾಲು ಪರೀಕ್ಷೆಗಳು ಈ ಕಾರಣಕ್ಕೂ ಬಹು ಆಯ್ಕೆಯ ಪ್ರಶ್ನೆಗಳಿಗೆ ಇಳಿಯುತ್ತವೆ. ಮಗು ಕೈಯಿಂದ ಬರೆದು ಬಾಯಿಂದ ಹೇಳಬಹುದಾದ ಸಾಧನದಲ್ಲಿ ಈ ತಡೆ ಇಲ್ಲ.

ಆದರೆ ಬಾಯಿಂದ ಬರುವ ಕನ್ನಡ ಪಠ್ಯಪುಸ್ತಕದ ಕನ್ನಡವಲ್ಲ. ಬೆಳಗಾವಿಯ ಮಗು “ಎರಡರಾಗ ಏಳು ಹೋಗಂಗಿಲ್ಲ” ಎಂದೀತು. ಮಂಡ್ಯದ ಮಗು “ಎರಡ್ರಲ್ಲಿ ಏಳು ಹೋಗಕಿಲ್ಲ” ಎಂದೀತು. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಮಾತನಾಡುವ ಮಗು ನಡುವೆ ತನ್ನ ಮನೆಮಾತಿನ ಎಣಿಕೆಯನ್ನೇ ಬಳಸೀತು. ಗಣಿತದ ಮೌಲ್ಯಮಾಪನದಲ್ಲಿ ಇವು ಯಾವುವೂ ತಪ್ಪುಗಳಲ್ಲ. ಧ್ವನಿ ದಾಖಲಾದಾಗ ಶಿಷ್ಟಭಾಷೆಯನ್ನು ಬಲ್ಲ ಮಕ್ಕಳಿಗೆ ತಿಳಿಯದಂತೆಯೇ ಹೆಚ್ಚಿನ ಬೆಲೆ ಸಲ್ಲುವ ಅಪಾಯವಿದೆ. ಲಿಖಿತ ಪರೀಕ್ಷೆಯಲ್ಲಿ ನೋಂದಣಿ ಸಂಖ್ಯೆಯ ಹಿಂದೆ ಮರೆಯಾಗುವ ಊರು, ಜಾತಿ, ವರ್ಗಗಳ ಗುರುತು ಧ್ವನಿಯಲ್ಲಿ ಹೊರಬೀಳುತ್ತದೆ. ಇದನ್ನು ಅರಿತ ಶಿಕ್ಷಕರ ಕೈಯಲ್ಲಿ ಸಾಧನ ಮಗುವಿನ ಭಾಷೆಗೆ ತರಗತಿಯಲ್ಲಿ ಸ್ಥಾನ ಕೊಡುತ್ತದೆ. ಅರಿಯದವರ ಕೈಯಲ್ಲಿ ಅದೇ ಭಾಷೆಗೆ ಶಿಕ್ಷೆ ವಿಧಿಸುತ್ತದೆ.

ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಒಂದು ನಿರ್ಧಾರ ಇಲ್ಲಿ ಚರ್ಚಾರ್ಹ. ಅಲ್ಲಿ ಧ್ವನಿ ಕನ್ನಡಕ್ಕೆ ಬಂದರೂ ಪರದೆಯ ಮೇಲಿನ ತಂತ್ರಾಂಶದ ಭಾಷೆ ಇಂಗ್ಲಿಷಿನಲ್ಲಿಯೇ ಉಳಿಯುತ್ತದೆ. ಉದ್ಯೋಗದಲ್ಲಿ ಎದುರಾಗುವುದು ಇಂಗ್ಲಿಷ್ ಪರದೆಯೇ ಎಂಬ ವಾದ ಕಾಲೇಜು ವಿದ್ಯಾರ್ಥಿಗಳ ಮಟ್ಟಿಗೆ ಒಪ್ಪತಕ್ಕದ್ದು. ಪ್ರಾಥಮಿಕ ಶಾಲೆಯ ಮಗುವಿಗೆ ಕಿವಿಯ ಭಾಷೆಯೊಂದು, ಕಣ್ಣಿನ ಭಾಷೆಯೊಂದು ಆದಾಗ ಅರ್ಧ ಗಮನ ಗುಂಡಿಯ ಹೆಸರನ್ನು ಹುಡುಕುವುದರಲ್ಲಿಯೇ ಹೋಗುತ್ತದೆ.

ಭಾಷಾಬೋಧನೆಯಲ್ಲಿ ಪರದೆಮುದ್ರಿಕೆಗೆ ಇನ್ನೊಂದು ಬಳಕೆಯಿದೆ. ಇಂಗ್ಲೆಂಡಿನಲ್ಲಿ ರಸೆಲ್ ಸ್ಟ್ಯಾನರ್ಡ್ ೨೦೦೦ದ ದಶಕದ ಮಧ್ಯದಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳನ್ನು ಪರದೆಯ ಮೇಲೆ ತೆರೆದು, ತಿದ್ದುತ್ತ, ಮಾತಿನಲ್ಲಿ ವಿವರಿಸುತ್ತ ಮುದ್ರಿಸಿ ಹಿಂದಿರುಗಿಸುವ ಕ್ರಮವನ್ನು ಬಳಕೆಗೆ ತಂದರು. ಕನ್ನಡ ಪ್ರಬಂಧಕ್ಕೂ ಇದು ಹೊಂದುತ್ತದೆ. ‘ಹಕಾರ’ ಬಿಟ್ಟು ‘ಅಕಾರ’ ಬರೆದ, ಒತ್ತಕ್ಷರ ತಪ್ಪಿದ ಪದವನ್ನು ಶಿಕ್ಷಕರು ಬರೆದಿರುವಂತೆಯೇ ಗಟ್ಟಿಯಾಗಿ ಓದಿದರೆ ಮಗುವಿನ ಕಿವಿಯೇ ತಪ್ಪನ್ನು ಹಿಡಿಯುತ್ತದೆ. ಕೆಂಪು ಶಾಯಿಯ ಸುತ್ತು ತಪ್ಪಿದೆಯೆಂದಷ್ಟೇ ಹೇಳುತ್ತದೆ.

೫. ಮೌಲ್ಯಮಾಪನದ ತೊಡಕುಗಳು

ಶಿಕ್ಷಣ ಹಕ್ಕು ಕಾಯಿದೆ, ೨೦೦೯ರ ೨೯ನೆಯ ಪ್ರಕರಣ ಮಗುವಿನ ತಿಳಿವಳಿಕೆಯನ್ನೂ ಅದನ್ನು ಅನ್ವಯಿಸುವ ಸಾಮರ್ಥ್ಯವನ್ನೂ ನಿರಂತರವಾಗಿ, ವ್ಯಾಪಕವಾಗಿ ಮೌಲ್ಯಮಾಪನ ಮಾಡಬೇಕೆನ್ನುತ್ತದೆ. ನಮ್ಮ ಶಾಲೆಗಳಲ್ಲಿ ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನ ಎಂಬ ವಿಭಾಗ ರೂಢಿಯಲ್ಲಿದೆ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಗೆ ೮೦ ಅಂಕಗಳ ಲಿಖಿತ ಪರೀಕ್ಷೆಯೊಡನೆ ೨೦ ಅಂಕಗಳ ಆಂತರಿಕ ಮೌಲ್ಯಮಾಪನವಿದೆ. ಪರದೆಮುದ್ರಿಕೆಯನ್ನು ಈ ೨೦ ಅಂಕಗಳಿಗೆ ಜೋಡಿಸುವ ಆಸೆ ಸಹಜ. ರೂಪಣಾತ್ಮಕ ಚಟುವಟಿಕೆಗಳು ಅಂಕಪಟ್ಟಿ ತುಂಬುವ ಕೆಲಸವಾಗಿ, ಪ್ರಾಜೆಕ್ಟು ಪುಸ್ತಕಗಳು ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಚಿತ್ರಗಳಿಂದ ತುಂಬಿದ ಉದಾಹರಣೆಗಳು ಕಣ್ಣ ಮುಂದಿರುವಾಗ ಇದರ ಗತಿಯನ್ನೂ ಊಹಿಸಬಹುದು. ಅಂಕವಿದ್ದಲ್ಲಿ ತಾಲೀಮು ಬರುತ್ತದೆ. ಹತ್ತು ಸಲ ಮುದ್ರಿಸಿ, ತಡವರಿಕೆಯನ್ನೆಲ್ಲ ಕತ್ತರಿಸಿದ ನುಣುಪಾದ ಮುದ್ರಿಕೆ ಶಿಕ್ಷಕರನ್ನು ತಲುಪುತ್ತದೆ. ಯಾವ ತಡವರಿಕೆಗಾಗಿ ಈ ಸಾಧನ ಬೇಕಾಗಿತ್ತೋ ಅದೇ ಇಲ್ಲವಾಗುತ್ತದೆ.

ಎರಡನೆಯ ತೊಡಕು ಕಾಲದ್ದು. ೪೦ ಮಕ್ಕಳು ತಲಾ ೩ ನಿಮಿಷ ಮುದ್ರಿಸಿದರೆ ಶಿಕ್ಷಕರು ೨ ಗಂಟೆ ನೋಡಬೇಕು. ಮೂರು ವಿಭಾಗಗಳಿದ್ದರೆ ೬ ಗಂಟೆ. ಉತ್ತರಪತ್ರಿಕೆಯನ್ನು ಕಣ್ಣಾಡಿಸಬಹುದು, ಧ್ವನಿಯನ್ನು ಹಾಗೆ ಕಣ್ಣಾಡಿಸಲಾಗದು. ಸೆಕೆಂಡಿಗೆ ೫೦೦ ಕಿಲೋಬಿಟ್ ದರದಲ್ಲಿ ಮುದ್ರಿಸಿದರೂ ನಿಮಿಷಕ್ಕೆ ೩.೭೫ ಮೆಗಾಬೈಟ್‌ನಂತೆ ಒಂದು ತರಗತಿಯ ಒಂದು ಸುತ್ತಿಗೆ ೪೫೦ ಮೆಗಾಬೈಟ್ ಬೇಕು. ಜನಗಣತಿ, ಬಿಸಿಯೂಟದ ಲೆಕ್ಕ, ದತ್ತಾಂಶ ನಮೂದುಗಳ ನಡುವೆ ಪಾಠ ಮಾಡುವ ಶಿಕ್ಷಕರ ಮೇಲೆ ಈ ಹೊರೆಯನ್ನೂ ಆದೇಶದ ಮೂಲಕ ಹೇರಿದರೆ ಮುದ್ರಿಕೆಗಳು ಸಂಗ್ರಹವಾಗುತ್ತವೆ, ಯಾರೂ ಕೇಳುವುದಿಲ್ಲ. ಕೇಳದ ಮುದ್ರಿಕೆಯನ್ನು ಮಗುವಿನಿಂದ ಪಡೆಯುವುದು ಆ ಮಗುವಿಗೆ ಮಾಡುವ ಅನ್ಯಾಯ.

ಮೂರನೆಯದು ಸಾಧನದ ಲಭ್ಯತೆ. ಓಬಿಎಸ್‌ನಂತಹ ಮುಕ್ತ ತಂತ್ರಾಂಶಗಳು ಉಚಿತವಾಗಿವೆ. ಆಂಡ್ರಾಯ್ಡ್ ಫೋನುಗಳಲ್ಲಿ ೨೦೨೦ರ ೧೧ನೆಯ ಆವೃತ್ತಿಯಿಂದ ಪರದೆಯನ್ನು ಮುದ್ರಿಸುವ ಸೌಲಭ್ಯ ಒಳಗೇ ಬಂದಿದೆ. ಆದರೆ ಮನೆಯಲ್ಲಿರುವ ಒಂದೇ ಫೋನು ತಂದೆಯೊಡನೆ ಕೆಲಸಕ್ಕೆ ಹೋಗುವ ಕುಟುಂಬದಲ್ಲಿ ತಂತ್ರಾಂಶ ಉಚಿತವಾಗಿದ್ದರೂ ಪ್ರಯೋಜನವಿಲ್ಲ. ಮನೆಯಿಂದ ಮುದ್ರಿಸಿ ತರಬೇಕೆಂಬ ನಿಯಮ ಈಗಾಗಲೇ ಇರುವ ಅಸಮಾನತೆಯನ್ನು ಅಂಕಗಳಾಗಿ ಪರಿವರ್ತಿಸುತ್ತದೆ.

ನಾಲ್ಕನೆಯದು ಮಗುವಿನ ಖಾಸಗಿತನ. ತಪ್ಪು ಮಾಡುವ ಮಗುವಿನ ಧ್ವನಿ ಹಂಚಿಕೆಯ ಗುಂಪುಗಳಲ್ಲಿ ಹರಿದಾಡಿ ನಗೆಪಾಟಲಿಗೆ ಈಡಾಗುವ ಅಪಾಯ ಕಾಲ್ಪನಿಕವಲ್ಲ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ೧೮ ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆಯನ್ನು ತತ್ತ್ವವಾಗಿ ಅಂಗೀಕರಿಸಿದೆ. ಕಾಯಿದೆಯ ವಿವರಗಳೇನೇ ಇರಲಿ, ಅಳಿಸಿಹೋಗುವ ಹಕ್ಕು ಸ್ಲೇಟಿನ ಮೇಲಿನ ತಪ್ಪಿಗೆ ಇತ್ತು. ಅದನ್ನು ಮುದ್ರಿಕೆಯೊಳಗಿನ ತಪ್ಪಿಗೂ ಉಳಿಸಿಕೊಡಬೇಕು.

ಕೃತಕ ಬುದ್ಧಿಮತ್ತೆಯ ಸಾಧನಗಳು ಮನೆಗೆ ಕೊಟ್ಟ ಲೆಕ್ಕವನ್ನೂ ಪ್ರಬಂಧವನ್ನೂ ಕ್ಷಣಮಾತ್ರದಲ್ಲಿ ಬರೆದುಕೊಡುತ್ತಿರುವ ಇಂದಿನ ಸಂದರ್ಭದಲ್ಲಿ ಪ್ರಕ್ರಿಯೆಯ ದಾಖಲೆಗೆ ಹೊಸ ಮಹತ್ತ್ವ ಬಂದಿರುವುದು ನಿಜ. ಆದರೆ ಬರೆದುಕೊಟ್ಟುದನ್ನು ನೋಡಿ ಓದಿ ಹೇಳುವುದಕ್ಕೂ ಅಡ್ಡಿಯಿಲ್ಲ. ವಂಚನೆಯನ್ನು ಹಿಡಿಯುವ ಉದ್ದೇಶದಿಂದ ಪರದೆಯನ್ನು ಮುದ್ರಿಸುವುದಕ್ಕೂ ಕಲಿಕೆಯನ್ನು ಅರಿಯುವ ಉದ್ದೇಶದಿಂದ ಮುದ್ರಿಸುವುದಕ್ಕೂ ತಂತ್ರ ಒಂದೇ ಆದರೂ ಸಂಬಂಧ ಬೇರೆ. ಮೊದಲನೆಯದರಲ್ಲಿ ಮಗು ಆರೋಪಿ; ಎರಡನೆಯದರಲ್ಲಿ ಮಾತುಗಾರ.

೬. ಉಪಸಂಹಾರ

ಈ ಪರಿಶೀಲನೆಯಿಂದ ಕೆಲವು ಸೂಚನೆಗಳು ಹೊರಡುತ್ತವೆ. ವಾರಕ್ಕೆ ೫ ಮಕ್ಕಳು, ತಲಾ ೨ ನಿಮಿಷ, ಶಾಲೆಯ ಒಂದೇ ಸಾಧನದಲ್ಲಿ, ಶಾಲೆಯ ವೇಳೆಯಲ್ಲಿಯೇ ಮುದ್ರಿಸಲಿ. ಶಿಕ್ಷಕರಿಗೆ ವಾರಕ್ಕೆ ಬೇಕಾಗುವುದು ೧೦ ನಿಮಿಷ. ೪೦ ಮಕ್ಕಳ ತರಗತಿ ೮ ವಾರಗಳಲ್ಲಿ ಒಂದು ಸುತ್ತು ಪೂರೈಸುತ್ತದೆ. ಮುಖ ಬೇಡ, ಬರಹ ಮತ್ತು ಧ್ವನಿ ಸಾಕು. ಅಂಕ ಬೇಡ, ಪ್ರತಿ ಮುದ್ರಿಕೆಗೆ ಶಿಕ್ಷಕರ ಒಂದು ವಾಕ್ಯದ ಮಾರುತ್ತರವಿರಲಿ. ಮಗು ಬಯಸಿದರೆ ಅದರ ವಿವರಣೆಯನ್ನು ಸಹಪಾಠಿಗಳೂ ಕೇಳಲಿ. ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿ ನಮಗೆ ಹೊರಗಿನದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥಾಲಯ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್, ಇಲ್ಲಿನ ಮಕ್ಕಳು ಮರಳಿನ ಮೇಲೆ ಅಕ್ಷರ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದು, ಹಿರಿಯ ಹುಡುಗರಿಂದ ಕಿರಿಯರಿಗೆ ಕಲಿಸಿ, ೧೭೯೭ರಲ್ಲಿ ಆ ಕ್ರಮವನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದನು. ಅವಧಿಯ ಕೊನೆಗೆ ಮಗುವಿನೆದುರಿಗೇ ಅದರ ಮುದ್ರಿಕೆಗಳನ್ನು ಅಳಿಸಿಹಾಕಲಿ. ಇರಿಸಿಕೊಳ್ಳಬೇಕೆಂದು ಮಗುವೂ ಪೋಷಕರೂ ಬಯಸಿದರೆ ಅವರಿಗೇ ಕೊಡಲಿ.

ಬೋಧಕರ ಮುದ್ರಿಕೆಗಳ ಭಂಡಾರ ಬೆಳೆಯುತ್ತಲೇ ಇರುತ್ತದೆ, ಬೆಳೆಯಬೇಕು ಸಹ. ಸಲ್ಮಾನ್ ಖಾನರ ಋಣಸಂಖ್ಯೆಗಳ ಪಾಠವೊಂದನ್ನು ೨೦೧೨ರಲ್ಲಿ ಅಮೆರಿಕದ ಇಬ್ಬರು ಗಣಿತ ಪ್ರಾಧ್ಯಾಪಕರು ದೃಶ್ಯದ ಮೂಲಕವೇ ವಿಮರ್ಶಿಸಿದಾಗ ಆ ಪಾಠವನ್ನು ಹೊಸದಾಗಿ ಮುದ್ರಿಸಲಾಯಿತು. ಮುದ್ರಿತ ಪಾಠಕ್ಕೂ ಕೇಳುವ ಕಿವಿ, ತಿದ್ದುವ ಕೈ ಬೇಕೆಂಬುದಕ್ಕೆ ಇದು ನಿದರ್ಶನ. ಜಗತ್ತಿಗೆ ಪಾಠ ಹೇಳುವ ಬೋಧಕರಿಗೆ ದೊರೆತ ಈ ಅವಕಾಶ ೪೨ರಿಂದ ೧೭ನ್ನು ಕಳೆದು ೩೫ ಎಂದು ಬರೆದ ಮಗುವಿಗೂ ದೊರೆಯಬೇಕು. ಅದು ಹೇಗೆ ಬಂತೆಂದು ಹೇಳುವುದಕ್ಕೆ ಮಗುವಿಗೆ ೨ ನಿಮಿಷ ಕೊಡುವುದು, ಹೇಳಿದ್ದನ್ನು ಕೊನೆಯವರೆಗೆ ಕೇಳುವುದು: ತಂತ್ರಜ್ಞಾನ ಇದಕ್ಕೆ ನೆರವಾಗುವಷ್ಟರ ಮಟ್ಟಿಗೆ ಶಾಲೆಯಲ್ಲಿ ಅದಕ್ಕೆ ಸ್ಥಾನವಿದೆ.